ಕಾಣದ ಕೀಟದ ಫೋಟೋ

ಎಲ್ಲಕ್ಕೂ ಕಾರಣ ಅವನ ಕೈ. ಬಾಯಿ ಆಡಿತೆಂದರೆ ಕೈಯೂ ಜೊತೆಗೆ ಎದ್ದು ಕುಣಿಯುತ್ತಿತ್ತು. ಮ್ಯೂಸಿಯಂನವರು ಅವನಿಗೆ ರೇಡಿಯೋ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆದರೆ ಹಣೆಬರಹ ನೋಡಿ, ಇಂಥ ಮಾತುಗಾರನಿಗೆ ಸಿಕ್ಕಿದ್ದು ಫೋಟೋಗಳಿಗೆ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕುವ ಕೆಲಸ. ಮೊಳೆ, ಸುತ್ತಿಗೆಗಳ ಜೊತೆ ಎಷ್ಟು ಹೊತ್ತು ಹರಟೆ ಹೊಡೆಯಲಾದೀತು?

ಹಾಗಾಗಿ, ಬಂದವರಿಗೆ ವಿವರಿಸಿ ಹೇಳುತ್ತಿದ್ದ ಹಿರಿಯರು ನಿವೃತ್ತರಾದಾಗ ರೇಡಿಯೋಗೆ ರೆಕ್ಕೆ ಮೂಡಿತ್ತು. ನಿರ್ದೇಶಕಿ ಮೇಡಂ ಮಾತನ್ನೂ ಕೊಟ್ಟಿದ್ದರು: "ಇವತ್ತಿನ ಪ್ರದರ್ಶನ ಒಂದೂ ಎಡವಟ್ಟಿಲ್ಲದೆ ಮುಗೀಲಿ. ಆಮೇಲೆ ಆ ಕೆಲಸ ನಿಮಗೇ."

ಪ್ರದರ್ಶನವೂ ಅಂತಿಂಥದ್ದಲ್ಲ. ಲೋಕದ ಅಪರೂಪಗಳೆಲ್ಲ ಫೋಟೋಗಳಾಗಿ ಬಂದಿದ್ದವು. ನೀಲಿ ಹಿಮದ ಗುಹೆ, ಜೀವಂತ ಬೇರುಗಳನ್ನೇ ಹೆಣೆದು ಮಾಡಿದ ಸೇತುವೆ, ಒಬ್ಬಳೇ ಒಬ್ಬ ಮುದುಕಿಗೆ ಮಾತ್ರ ಮಾಡಲು ಬರುವ ಹುಲ್ಲಿನ ಮುಖವಾಡ. ಎಲ್ಲಕ್ಕೂ ಮೇಲು ಎಲೆಕೀಟ. ತರಗೆಲೆಯ ವೇಷ ಹಾಕಿ ತರಗೆಲೆಗಳ ನಡುವೆಯೇ ಕೂತುಬಿಡುವ, ಹುಡುಕಿದರೂ ಕಣ್ಣಿಗೆ ಬೀಳದ ಜೀವ.

ಬೆಳಿಗ್ಗೆ ಆ ಫೋಟೋ ಒಂದಕ್ಕೇ ಫ್ರೇಮ್ ಹಾಕುವುದು ಬಾಕಿ ಇತ್ತು. ಹಾಲ್ ಖಾಲಿ. ಒಂದು ಸಲ ಅಭ್ಯಾಸ ಮಾಡಿಕೊಳ್ಳೋಣ ಎಂದು ರೇಡಿಯೋ ಗಂಟಲು ಸರಿಮಾಡಿಕೊಂಡ. "ಮಹನೀಯರೇ, ಮಹಿಳೆಯರೇ, ಇತ್ತ ನೋಡಿ!" ಎಂದು ಕೈ ಬೀಸಿದ. ಕಾಫಿ ಲೋಟವೂ ಇತ್ತಲೇ ಇತ್ತು. ಎಲೆಕೀಟ ಎಲೆಗಳ ಸಮೇತ ಕಾಫಿಯಲ್ಲಿ ಮುಳುಗಿತು.

ಸದ್ದು ಕೇಳಿ ಟಿಕೆಟ್ ಕೊಡುವ ಅಕ್ಕ ಓಡಿ ಬಂದಳು. "ಅಯ್ಯೋ, ನಿಂತು ನೋಡ್ತೀಯಲ್ಲಪ್ಪಾ! ಒದ್ದೆ ಬಟ್ಟೇಲಿ ಒರೆಸು!"

ಒರೆಸಿದ. ಕಾಫಿ ಹೋಯಿತು, ಜೊತೆಗೆ ಬಣ್ಣವೂ ಹೋಯಿತು.

"ಪರದೆಗೆ ಹಾಕೋ ಇಸ್ತ್ರಿಪೆಟ್ಟಿಗೆ ಇದ್ಯಲ್ಲ, ಮೆತ್ತಗೆ ಒಂದು ಸಲ ಎಳಿ. ಸರಿಹೋಗತ್ತೆ."

ಎಳೆದ. ಫೋಟೋ ಸುರುಳಿ ಸುತ್ತಿಕೊಂಡದ್ದು ಮತ್ತೆ ಬಿಚ್ಚಿಕೊಳ್ಳಲು ಒಪ್ಪಲಿಲ್ಲ. "ನಾನು ಒಳ್ಳೇದಕ್ಕೇ ಹೇಳ್ದೆ" ಎಂದು ಅಕ್ಕ ತನ್ನ ಕಿಂಡಿಗೆ ಜಾರಿಕೊಂಡಳು.

ಕೊನೆಗೆ ಆಪದ್ಬಾಂಧವನಾಗಿ ಬಂದವನು ಹೆಂಡತಿಯ ತಮ್ಮ. ಅವನಿಗೆ ಎದುರು ರಸ್ತೆಯಲ್ಲೇ ಫೋಟೋ ಸ್ಟುಡಿಯೋ. ಮೇಡಂ ಮೊದಲೇ ಗೋಡೆಗೆ ಅಂಟಿಸಿದ್ದ ವಿವರಣೆಯನ್ನು ಓದಿ ಅವನು ನಕ್ಕ.

"ಭಾವ, ಹುಡುಕಿದರೂ ಕಾಣದು ಅಂತ ಇಲ್ಲೇ ಬರೆದಿದೆ. ಕಾಣದೇ ಇರೋದನ್ನ ತೆಗೆಯೋದೇನು ಮಹಾ ಕಷ್ಟ?"

"ಮೋಸ ಆಗಲ್ವೇನೋ?"

"ಇರೋ ಕೀಟ ಕಾಣಲ್ಲ, ಇಲ್ಲದ ಕೀಟಾನೂ ಕಾಣಲ್ಲ. ನೋಡೋರಿಗೆ ಏನು ವ್ಯತ್ಯಾಸ?"

ಮ್ಯೂಸಿಯಂನ ಹಿತ್ತಲಲ್ಲಿ ಮರದಡಿ ತರಗೆಲೆಯ ರಾಶಿ ಬಿದ್ದಿತ್ತು. ಭಾವಮೈದ ಅದನ್ನೇ ಕ್ಲಿಕ್ಕಿಸಿ, ದೊಡ್ಡದಾಗಿ ಮುದ್ರಿಸಿ ತಂದ. ಬಾಗಿಲು ತೆರೆಯುವಷ್ಟರಲ್ಲಿ ಫೋಟೋ ಗೋಡೆ ಏರಿತ್ತು.

ಜನ ಬಂದರು. ಹಿಮದ ಗುಹೆಯನ್ನು ಕೇಳುವವರೇ ಇಲ್ಲ, ಎಲ್ಲರೂ ನೇರ ಎಲೆಕೀಟದ ಮುಂದೆ. "ಎಲ್ರೀ ಇದೆ?" ಎಂದು ಕನ್ನಡಕದ ಯಜಮಾನರೊಬ್ಬರು ಕೇಳಿದರು. ಬಾಯಿ ಮುಚ್ಚಿಕೊಂಡಿರಬೇಕೆಂದು ರೇಡಿಯೋ ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಆಗಲಿಲ್ಲ.

"ಅಗೋ, ಆ ಸೀಳಿದ ಎಲೆ ಇದ್ಯಲ್ಲ, ಅದರ ಎಡಕ್ಕೆ. ಮೀಸೆ ಕಾಣ್ತಿದ್ಯಾ ಸಾರ್?"

ಯಜಮಾನರು ಕಣ್ಣು ಕಿರಿದು ಮಾಡಿದರು. ಪಕ್ಕದವರು "ನನಗಾಗಲೇ ಕಾಣ್ತು" ಅಂದದ್ದೇ ತಡ, ಇವರೂ "ಹೌದೌದು, ಕಣ್ಣೂ ಕಾಣ್ತಿದೆ" ಅಂದರು. ಒಬ್ಬ ಅಜ್ಜಿಗೆ ಅದರ ಮರಿಗಳೂ ಕಂಡವು. ಎಲ್ಲ ಗೊತ್ತಿದ್ದ ಟಿಕೆಟ್ ಅಕ್ಕ ಕೂಡ ಕಿಂಡಿ ಬಿಟ್ಟು ಬಂದು ನೋಡಿ, "ಏ, ನಿಜವಾಗ್ಲೂ ಇದೆ ಕಣಪ್ಪಾ!" ಅಂದಳು. ಒಳಗೊಳಗೆ ಅಳುಕಿದ್ದರೂ ರೇಡಿಯೋಗೆ ಹಿಗ್ಗು ತಡೆಯಲಾಗಲಿಲ್ಲ. ಇಷ್ಟು ಜನ ಕಿವಿಗೊಟ್ಟು ಕೇಳಿದ್ದು ಅವನ ಜನ್ಮದಲ್ಲೇ ಮೊದಲು. ಬಾಗಿಲಲ್ಲಿ ನಿಂತ ಮೇಡಂ ಮೆಚ್ಚಿ ತಲೆಯಾಡಿಸಿದರು.

ಆಗ ಬಂದರು, ಆ ಫೋಟೋಗಳನ್ನೆಲ್ಲ ತೆಗೆದ ಛಾಯಾಗ್ರಾಹಕಿ. ಎಲೆಕೀಟದ ಮುಂದೆ ನಿಂತವರು ಕದಲಲೇ ಇಲ್ಲ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. ರೇಡಿಯೋ ಮೆಲ್ಲಗೆ ಅವರ ಪಕ್ಕಕ್ಕೆ ಬಂದು ನಿಂತ.

"ಇದು ನಾನು ತೆಗೆದದ್ದಲ್ಲ" ಎಂದರು, ಅವನಿಗೆ ಮಾತ್ರ ಕೇಳುವಂತೆ.

ಅವನು ಕಾಫಿಯಿಂದ ಇಸ್ತ್ರಿಯವರೆಗೆ ಎಲ್ಲ ಒಪ್ಪಿಸಿಬಿಟ್ಟ. "ತಪ್ಪು ನನ್ನದೇ ಅಮ್ಮಾ. ಬೈಯೋದಿದ್ರೆ ನನ್ನೊಬ್ಬನಿಗೇ ಬೈಯಿರಿ."

ಆಕೆ ಆಚೀಚೆ ನೋಡಿದರು. "ನಿಜ ಹೇಳ್ಲಾ? ನನ್ನ ಫೋಟೋದಲ್ಲೂ ಕೀಟ ಇರ್ಲಿಲ್ಲ. ಗುಂಡಿ ಒತ್ತೋಷ್ಟರಲ್ಲಿ ಹಾರಿಹೋಗಿತ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ರೇಡಿಯೋಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಾವಿಬ್ರೂ ಒಂದೇ ದೋಣೀಲಿ..."

"ಇಲ್ಲ." ಆಕೆಯ ಬೆರಳು ಫೋಟೋದ ಕೆಳಮೂಲೆಗೆ ಹೋಯಿತು. ಅವನು ಯಾರಿಗೂ ತೋರಿಸದೇ ಇದ್ದ ಜಾಗ ಅದು. ಅಲ್ಲೊಂದು ತರಗೆಲೆಗೆ ಆರು ಕಾಲುಗಳಿದ್ದವು. "ನಿಮ್ಮದರಲ್ಲಿ ಇದೆ! ಎಲ್ಲಿ ತೆಗೆದದ್ದು?"

"ಹಿ... ಹಿತ್ತಲಲ್ಲಿ."

ಸಂಜೆಯ ಹೊತ್ತಿಗೆ ತರಗೆಲೆ ರಾಶಿಯ ಸುತ್ತ ಹಗ್ಗ ಕಟ್ಟಿದ್ದಾಯಿತು. ವಿಷಯವೆಲ್ಲ ಗೊತ್ತಾದ ಮೇಲೂ ಮೇಡಂ ಗದರಲಿಲ್ಲ, ಬದಲಿಗೆ ಕೈ ಕುಲುಕಿದರು.

"ಎಡವಟ್ಟಾದ್ರೆ ಇಂಥದ್ದಾಗ್ಬೇಕು ನೋಡಿ! ಇನ್ಮೇಲೆ ಗೋಡೆ ಕೆಲಸ ಬೇಡ, ಹಿತ್ತಲಿನ ಉಸ್ತುವಾರಿ ನಿಮ್ಮದು."

"ಹಾಗಾದ್ರೆ ಅಲ್ಲಿಗೆ ಬಂದೋರಿಗೆ ನಾನೇ ವಿವರಿಸಿ ಹೇಳ್ತೀನಿ ಮೇಡಂ!"

"ಅಯ್ಯಯ್ಯೋ! ಆ ಪ್ರಾಣಿಗೆ ಸದ್ದು ಅಂದ್ರೆ ಆಗಲ್ವಂತೆ. ಅಲ್ಲಿ ಯಾರೂ ತುಟಿ ಪಿಟಕ್ ಅನ್ನಬಾರದು. ಒಳಗಡೆ ವಿವರಿಸೋಕೆ ಟಿಕೆಟ್ ಅಕ್ಕನ್ನ ನೇಮಿಸಿದ್ದೀನಿ. ಅವರಿಗೂ ಕೀಟ ಕಂಡಿತ್ತಂತಲ್ಲ?"

ಇಳಿಬಿಸಿಲಲ್ಲಿ ರೇಡಿಯೋ ಹಗ್ಗದ ಪಕ್ಕ ಮುಖ ಊದಿಸಿಕೊಂಡು ಕೂತ. ಒಳಗಿನಿಂದ ಅಕ್ಕನ ದನಿ ಕೇಳುತ್ತಿತ್ತು, ಅದೂ ಪೂರ್ತಿ ತಪ್ಪು ತಪ್ಪಾಗಿ. ಅಷ್ಟರಲ್ಲಿ ರಾಶಿಯ ಅಂಚಿನಲ್ಲಿ ಒಂದು ಎಲೆ ಕಾಲೆತ್ತಿತು. ಯೋಚಿಸಿತು. ಇಟ್ಟಿತು. ಇನ್ನೊಂದು ಕಾಲೆತ್ತಿತು. ರೇಡಿಯೋ ಉಸಿರು ಬಿಗಿಹಿಡಿದ. ಅಪರೂಪದ ಫೋಟೋಗಳನ್ನು ಅದೆಷ್ಟೋ ತೂಗುಹಾಕಿದ್ದ, ಅಪರೂಪವೇ ಎದುರಿಗೆ ನಡೆದು ಬಂದದ್ದು ಇವತ್ತೇ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಗಂಟಲವರೆಗೆ ಬಂದ ಮಾತನ್ನು ನುಂಗಿಕೊಂಡ. ಮನೆಗೆ ಹೋಗಿ ಹೆಂಡತಿಗೆ ಹೇಳುವವರೆಗೂ ತಡೆದುಕೊಳ್ಳಬೇಕಲ್ಲ ಎಂದು ಗಡಿಯಾರ ನೋಡಿದ.