ಚಿಲಕವಿಲ್ಲದ ಬಚ್ಚಲಿನ ಮಹಾರಾಣಿ

ಕೀಂಯ್, ಕೀಂಯ್! ಆಕ್ಲೆಂಡಿನ ಆ ರಿಹ್ಯಾಬ್ ವಾರ್ಡಿನಲ್ಲಿ ಬೆಳಗಾಗುತ್ತಿದ್ದದ್ದು ಪೇಷೆಂಟುಗಳನ್ನು ಸ್ನಾನಕ್ಕೆ ತಳ್ಳಿಕೊಂಡು ಹೋಗುವ ಶವರ್ ಚೇರಿನ ಚಕ್ರ ಕಿರುಚಿದ ಮೇಲೆ. ವರ್ಷಗಳೇ ಕಳೆದವು, ಆ ಸದ್ದು ಇನ್ನೂ ಕಿವಿ ಬಿಟ್ಟಿಲ್ಲ. ಆ ಕುರ್ಚಿಯ ಮೇಲೆ ಮೆರವಣಿಗೆ ಹೊರಡುತ್ತಿದ್ದವಳು ನನ್ನ ನಾದಿನಿ. ಹಲ್ಲುಜ್ಜದೆ ಟೀ ಕುಡಿಯಬಾರದೆಂದು ನ್ಯೂಜಿಲೆಂಡಿನ ಒಂದಿಡೀ ವಾರ್ಡಿಗೆ ಪಾಠ ಹೇಳಿದ ಪೇಷೆಂಟ್ ಅವಳು ಎಂದರೆ ನಂಬುತ್ತೀರಾ?

ಸ್ಟ್ರೋಕ್ ಆಗಿ ಎಡಗೈ ಸೋತಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ, ಥ್ಯಾಂಕ್ ಗಾಡ್! ಜಾನ್ಸನ್‌ವಿಲ್ಲಿನ ನನ್ನ ಮಗನ ಮನೆಯಿಂದ ನಾನು ವಿಮಾನ ಹತ್ತಿ ಓಡಿಬಂದೆ. ಮೊದಲ ದಿನವೇ ಷಾಕ್! ಮಧ್ಯಾಹ್ನವಾದರೂ ಸ್ನಾನವಿಲ್ಲ, ಸ್ನಾನವಿಲ್ಲದೆ ಅನ್ನ ಮುಟ್ಟಳು, ಉಪವಾಸ ಕೂತಿದ್ದಾಳೆ! ನರ್ಸನ್ನು ಕೇಳಿದರೆ, “ಶಿ ಸೆಡ್ ನೋ, ಲವ್!” ಆದದ್ದಿಷ್ಟೆ: “ಶವರ್?” ಎಂದು ಕೇಳಿದ್ದಕ್ಕೆ ಇವಳು ನಮ್ಮ ಮೈಸೂರಿನ ಹಾಗೆ ತಲೆಯನ್ನು ಆಚೀಚೆ ತೂಗಿ ‘ಆಗಲಿ’ ಎಂದಿದ್ದಾಳೆ. ನರ್ಸು ಅದನ್ನು ಬೇಡವೆಂದು ತಿಳಿದು ಮುಂದಿನ ಮಂಚಕ್ಕೆ ಹೋಗಿದ್ದಾಳೆ.

“ಇನ್ಮೇಲೆ ಕತ್ತು ಆಡ್ಸಲ್ಲ ಅತ್ತಿಗೆ, ಬಾಯೇ ಆಡಿಸ್ತೀನಿ” ಎಂದಳು.

ಆಡಿಸಿದಳು! ಮರುದಿನದಿಂದ ವಾರ್ಡಿನ ಬೆಳಗೆಲ್ಲ ಅವಳದೇ ಕಾರುಬಾರು. ಯಾರಿಗೆ ಫಿಸಿಯೋ ಬೇಗ, ಯಾರಿಗೆ ಮಂಡಿ ನೋವು, ಯಾರು ಮೊದಲು ಸ್ನಾನಕ್ಕೆ ಎಂದು ಮಂಚದ ಮೇಲಿಂದಲೇ ಸರದಿ ಕೂಗುತ್ತಿದ್ದಳು. ನರ್ಸುಗಳೂ ಕೇಳುತ್ತಿದ್ದರು! ಪಕ್ಕದ ಮಂಚದಲ್ಲೊಬ್ಬಳು ಕಿವಿ ಅಜ್ಜಿ, ಅಂದರೆ ಅಪ್ಪಟ ನ್ಯೂಜಿಲೆಂಡಿನವಳು. ಹೆಸರಿಗೆ ಕಿವಿ, ಕಿವಿ ಮಾತ್ರ ಮಂದ! ಆಕೆ ಟೀ ಕಪ್ಪೆತ್ತಿದರೆ ಇವಳ ಗುಡುಗು: “ಟೀತ್ ಫಸ್ಟ್, ಡಾರ್ಲಿಂಗ್!” ಪಾಪ, ಆಕೆಯ ಹಲ್ಲಿನ ಸೆಟ್ಟು ಆಗಲೇ ಲೋಟದಲ್ಲಿ ಮೀಯುತ್ತಿತ್ತು.

ಒಂದು ಬೆಳಿಗ್ಗೆ ಕುರ್ಚಿ ತಳ್ಳಿಕೊಂಡು ಬಂದವನು ಬಾಗಿಲಗಲದ ಗಂಡು ನರ್ಸು, ಸಮೋವಾ ದ್ವೀಪದವನು! ಮೊಣಕಾಲು ಕಂಡರೂ ಸಿಸ್ಟರ್ ಸ್ಕೇಲ್ ಹಿಡಿದು ಬರುತ್ತಿದ್ದ ಕಾನ್ವೆಂಟಿನಲ್ಲಿ ಬೆಳೆದವಳು ನಾನು. “ಎಕ್ಸ್‌ಕ್ಯೂಸ್ ಮಿ, ಲೇಡಿ ಯಾರೂ ಇಲ್ಲವೆ?” ಎಂದು ಅಡ್ಡ ನಿಂತೆ.

“ಸರೀರಿ ಅತ್ತಿಗೆ ಆ ಕಡೆ! ಅವನು ತೊಳೆಯೋದು ಬೆನ್ನು, ಮಾನ ಅಲ್ಲ” ಎಂದಳು ಮಹಾರಾಣಿ.

ಏನು ಧೈರ್ಯ! ಆದರೆ ಅಂದು ಸಂಜೆ ಮೆಲ್ಲಗೆ ಹೇಳಿದಳು: “ಇಲ್ಲಿ ಬಚ್ಚಲಿಗೆ ಒಳಗಿಂದ ಚಿಲಕಾನೇ ಇಲ್ಲ, ನೋಡಿದ್ರಾ? ನನ್ನ ಮನೇಲಿ ಚಿಲಕ ಹಾಕ್ಕೊಂಡು ಒಬ್ಳೇ ಸ್ನಾನ ಮಾಡ್ಬೇಕು. ಇನ್ನೇನೂ ಬೇಡ ನಂಗೆ.”

ಅದಕ್ಕೊಂದು ಪರೀಕ್ಷೆಯಿತ್ತು. ಯಾರ ಸಹಾಯವೂ ಇಲ್ಲದೆ ಮಿಂದು, ಉಟ್ಟು ತೋರಿಸಿದರೆ ಮೌಂಟ್ ಆಲ್ಬರ್ಟಿನ ಅವಳ ಫ್ಲ್ಯಾಟು. ಇಲ್ಲವಾದರೆ ನರ್ಸಿಂಗ್ ಹೋಮು, ಖಾಯಂ. ಒಂದೇ ಕೈಯಲ್ಲಿ ಸೀರೆಯೆ? ನೆರಿಗೆ ಹಿಡಿದರೆ ಸೆರಗು ಜಾರುತ್ತಿತ್ತು, ಸೆರಗು ಹಿಡಿದರೆ ನೆರಿಗೆ. ಥೆರಪಿಸ್ಟ್ ಹುಡುಗಿ ಪ್ಯಾಂಟ್ ತೋರಿಸಿದರೆ ಮುಖ ತಿರುಗಿಸುತ್ತಿದ್ದಳು.

ಪರೀಕ್ಷೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಜೀಸಸ್! ಮದುವೆಯಾದಂದಿನಿಂದ ಸೀರೆ ಬಿಟ್ಟು ಬೇರೇನೂ ಉಡದವಳು ಎಲಾಸ್ಟಿಕ್ ಪ್ಯಾಂಟು, ಟೀ ಷರ್ಟು ತೊಟ್ಟು ನೆಟ್ಟಗೆ ಕೂತಿದ್ದಾಳೆ!

“ಪಾಸು” ಎಂದಳು. “ನಗೋದಾದ್ರೆ ಈಗ್ಲೇ ನಕ್ಬಿಡಿ ಅತ್ತಿಗೆ.”

ನನಗೆ ನಗು ಬರಲಿಲ್ಲ.

ಫ್ಲ್ಯಾಟಿಗೆ ಬಂದವಳೇ ಟವಲು ಹೆಗಲಿಗೇರಿಸಿ ಬಚ್ಚಲಿಗೆ ನಡೆದಳು. ನನ್ನ ವಿಮಾನಕ್ಕೆ ಹೊತ್ತಾಗಿತ್ತು, ಟ್ಯಾಕ್ಸಿ ಕಾಯುತ್ತಿತ್ತು.

“ಬಾಗಿಲು ಮುಂದಕ್ಕೆ ಮಾಡ್ಕೊಂಡ್ರೆ ಸಾಕು ಕಣೇ, ಚಿಲಕ ಬೇಡ. ಬಿದ್ರೆ?”

“ಬಿದ್ರೆ ಏಳ್ತೀನಿ. ನೀವು ಹೊರಡಿ.”

ಕ್ರಿಸ್‌ಮಸ್ಸಿಗೆ ಬರುತ್ತೇನೆಂದಿದ್ದೆ. ಅಷ್ಟು ದಿನ ಅವಳು ಉಳಿಯಲಿಲ್ಲ. ನಾನು ಅವಳನ್ನು ಕಡೆಯ ಸಲ ನೋಡಿದ್ದು ಆ ಬಾಗಿಲ ಸಂದಿಯಲ್ಲಿ: ಒಂದು ಕಣ್ಣು, ಅರ್ಧ ನಗು. ಆಮೇಲೆ ಚಿಲಕ ಬಿತ್ತು.