ಬಳೆಯಂಗಡಿಯಲ್ಲಿ ಬುದ್ಧನ ಪಾಠ

ಅಂತರಸಂತೆಯ ಅಂಕಯ್ಯ ಮೇಷ್ಟ್ರು ಬುದ್ಧನ ಪಾಠವನ್ನು ಅಷ್ಟು ಚೆನ್ನಾಗಿ ಮಾಡದೆ ಇದ್ದಿದ್ದರೆ ಆ ದಿನ ಸುಖವಾಗಿ ಕಳೆದುಹೋಗುತ್ತಿತ್ತು. ಸಂತೆಯ ದಿನವಾದ್ದರಿಂದ ಅರ್ಧ ಹೊತ್ತಿನ ಶಾಲೆ. ಮಕ್ಕಳ ಮನಸ್ಸೆಲ್ಲ ಕಡಲೆಪುರಿಯ ಮೇಲೆ. ಮೇಷ್ಟ್ರು ಅದನ್ನೇ ಹಿಡಿದುಕೊಂಡರು. ಪುರಿ ಬೇಕು ಅನ್ನಿಸಿತು, ಸಿಗಲಿಲ್ಲ, ದುಃಖ. ಸಿಕ್ಕಿತು, ತಿಂದು ಮುಗಿಯಿತು, ಮತ್ತೆ ದುಃಖ. ಹಾಗಾದರೆ ದುಃಖಕ್ಕೆ ಕಾರಣ ಯಾವುದು ಎಂದು ಕೇಳಿದರು.

"ಆಸೆ, ಸಾ," ಎಂದು ಇಡೀ ತರಗತಿ ಕೂಗಿತು.

ಹದಿನೈದು ವರ್ಷದ ನೌಕರಿಯಲ್ಲಿ ಒಂದು ಪಾಠ ಹೀಗೆ ನೆಟ್ಟಗೆ ಮಕ್ಕಳ ತಲೆಗೆ ಹೋದದ್ದು ಇದೇ ಮೊದಲು. ಗೋಡೆಯ ಮೇಲಿನ ಮಹಾರಾಜರ ಪಟವೂ ತಲೆದೂಗಿದಂತೆ ಕಂಡಿತು. ಮೇಷ್ಟ್ರು ಮನೆಗೆ ಹೋಗಿ, ಉಂಡು ಒರಗಿದರು.

ಕಣ್ಣು ಹತ್ತುವಷ್ಟರಲ್ಲಿ ಬಳೆ ಮಾರುವ ಸೋಮಮ್ಮ ಮಗಳು ಪುಟ್ಟತಾಯಿಯ ರಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಹುಡುಗಿ ಶಾಲೆ ಬಿಟ್ಟ ಕೂಡಲೇ ಸಂತೆಗೆ ಓಡಿ ಅಮ್ಮನ ಅಂಗಡಿಯಲ್ಲಿ ಕೂತು, ಕೈ ಚಾಚಿದ ಹೆಂಗಸರಿಗೆಲ್ಲ, ಈ ಬಳೆ ಒಡೆದೇ ಒಡೆಯುತ್ತದೆ, ಆಗ ನೀವು ಅಳುತ್ತೀರಿ, ಸುಮ್ಮನೆ ಮನೆಗೆ ಹೋಗಿ ಎಂದು ಬುದ್ಧಿ ಹೇಳಿದ್ದಳಂತೆ. ಮದುವೆಗೆಂದು ಬಳೆ ತೊಡಲು ಹಂಪಾಪುರದಿಂದ ಬಂದಿದ್ದ ಗುಂಪು, ಇದೆಂಥ ಅಪಶಕುನ ಎಂದು ಎದ್ದು ನಡೆದಿತ್ತು.

"ನಿಮ್ ಪಾಠದಿಂದ ಎದ್ದೋದ ಜನವ ನೀವೇ ಬಂದು ಕೂರ್ಸಿ ಮೇಷ್ಟ್ರೇ," ಎಂದಳು ಸೋಮಮ್ಮ.

ಸಂತೆಗೆ ಹೋಗುವ ದಾರಿಯುದ್ದಕ್ಕೂ ಮೇಷ್ಟ್ರು ಪುಟ್ಟತಾಯಿಗೆ ತಿದ್ದಿ ಹೇಳಿದರು. ಬುದ್ಧ ಬೇಡವೆಂದದ್ದು ಅತಿಯಾಸೆಯನ್ನು. ಎಲ್ಲದರಲ್ಲೂ ನಡುದಾರಿ ಹಿಡಿಯಬೇಕು. ಹುಡುಗಿಗೆ ಅದೂ ತಕ್ಷಣ ಅರ್ಥವಾಯಿತು. ಅಂಗಡಿಗೆ ಮೊದಲು ಬಂದಾಕೆಗೆ ಎಡಗೈ ತುಂಬ ಬಳೆ ತೊಡಿಸಿ, ಬಲಗೈಗೂ ಕೇಳುವುದು ಅತಿಯಾಸೆ ಎಂದು ಕಳುಹಿಸಿಬಿಟ್ಟಳು. ಸೋಮಮ್ಮ ಮಗಳನ್ನು ಎಬ್ಬಿಸಿ ಆ ಜಾಗದಲ್ಲಿ ಮೇಷ್ಟರನ್ನು ಕೂರಿಸಿದಳು.

ಮೊದಮೊದಲು ಅವರ ಗಂಟಲಿನಿಂದ ಬಾವಿಗೆ ಬಿದ್ದ ಬೆಕ್ಕಿನ ಸ್ವರ ಬಂತು. ತಲೆಯೆತ್ತದೆ, ಹಸಿರು ಬಳೆ, ಕೆಂಪು ಬಳೆ ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ನಡುವಯಸ್ಸಿನ ಒಬ್ಬ ಹೆಂಗಸು ನಿಂತು ನಕ್ಕಳು. ರಾಗಿ ಬೀಸಿ ಬೀಸಿ ಅವಳ ಅಂಗೈ ಜಡ್ಡುಗಟ್ಟಿತ್ತು. ಮೇಷ್ಟರಿಗೆ ಏನನ್ನಿಸಿತೋ, ಇಷ್ಟು ದುಡಿದ ಕೈಗೇ ಅಲ್ಲವೇ ತಾಯಿ ಈ ಹಸಿರು ಒಪ್ಪುವುದು ಎಂದುಬಿಟ್ಟರು. ಹೆಂಗಸು ಅಲ್ಲೇ ಕೂತಳು.

ಅಲ್ಲಿಂದಾಚೆಗೆ ಅವರ ಬಾಯಿ ಏರಿಯೊಡೆದ ಕೆರೆಯಾಯಿತು. ಕಳೆ ಕಿತ್ತ ಕೈ, ಬೆರಣಿ ತಟ್ಟಿದ ಕೈ, ತೊಟ್ಟಿಲು ತೂಗಿದ ಕೈ, ಒಂದನ್ನೂ ಬಿಡದೆ ಹೊಗಳಿದರು. ಹಂಪಾಪುರದ ಗುಂಪೂ ತಿರುಗಿ ಬಂತು. ಹೊತ್ತು ಇಳಿಯುವುದರೊಳಗೆ ಅಂಗಡಿ ಖಾಲಿ. ಉಳಿದ ಒಂದು ಡಜನ್ ನೀಲಿ ಬಳೆಯನ್ನು ಸೋಮಮ್ಮ, ಮನೇಲಿರೋ ಅಮ್ಮಾವ್ರಿಗೆ ಎಂದು ಮೇಷ್ಟರ ಕೈಗಿಟ್ಟಳು.

ಮೇಷ್ಟ್ರು ಹಿಗ್ಗಿನಿಂದ ಮನೆಗೆ ಬಂದರು. ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ಹೆಂಡತಿ ಕೆಂಪಾಜಮ್ಮ ಬಾಗಿಲಲ್ಲೇ ಕೂತಿದ್ದರು. ಬಳೆ ಇಸಿದುಕೊಂಡು, ಒಂದೊಂದಾಗಿ ತೊಟ್ಟು, ಎರಡೂ ಕೈಗಳನ್ನು ಗಂಡನ ಮುಂದೆ ಚಾಚಿದರು.

"ಸಂತೇಲಿ ಕಂಡೋರ್ ಕೈನೆಲ್ಲ ಒಗಳುದ್ರಂತೆ. ಅನ್ನೆರಡು ವರ್ಸದಿಂದ ಈ ಕೈಲಿ ಉಂಡಿದ್ದೀರಿ. ಇದ್ಕೇನ್ ಯೋಳ್ತೀರಿ, ಯೋಳಿ."

ಮೇಷ್ಟ್ರು ಬಾಯಿ ತೆರೆದರು. ಮಧ್ಯಾಹ್ನವೆಲ್ಲ ಹರಿದ ಮಾತುಗಳಲ್ಲಿ ಒಂದೂ ಬರಲಿಲ್ಲ. ಕೊನೆಗೆ, "ಅಳತೆ ಸರ್ಯಾಗೇ ಅದೆ ಕಣೆ," ಎಂದರು.

ಕೆಂಪಾಜಮ್ಮ ಎದ್ದರು. ಹೊಸ ಬಳೆ ಒಡೆದಾವು ಎಂದು ಹೇಳಿ, ಮುದ್ದೆ ತೊಳಸುವ ಕೋಲನ್ನು ಗಂಡನ ಕೈಗೆ ಕೊಟ್ಟು, ಬಳೆ ತೋರಿಸಲು ಪಕ್ಕದ ಮನೆಗೆ ಹೋದರು.