ಕೋಲ್ಮನ್ ಬ್ರಾಫಿಯ ಸಾವಯವ ಹೊಲ

ಕಾರ್ಲೋ ಸೀಮೆಯಲ್ಲಿ ಮಾಂಸದ ದನ ಸಾಕಿ, ಬಾರ್ಲಿ ಬೆಳೆದುಕೊಂಡಿದ್ದ ಕೋಲ್ಮನ್ ಬ್ರಾಫಿ ಎಂಬ ನಾನು ಸಾವಯವ ಕೃಷಿಗೆ ಪರಿವರ್ತನೆ ಹೊಂದಿರುತ್ತೇನೆಂದು ಸಮಸ್ತರಿಗೂ ತಿಳಿಯಪಡಿಸಲಾಗಿದೆ. ಮಣ್ಣಿನ ಮೇಲಿನ ಪ್ರೀತಿಯೇ ಇದಕ್ಕೆ ಕಾರಣವೆಂದು ಪತ್ರಿಕೆಯಲ್ಲಿ ಬಂದಿದೆ. ಹೇಳಿದವನು ನಾನೇ. ಸಹಾಯಧನದ ವಿಚಾರ ಅವರು ಕೇಳಲಿಲ್ಲ.

ಮೊದಲು ಕಳೆನಾಶಕ ನಿಲ್ಲಿಸಿದೆ. ಆಮೇಲೆ ರಸಗೊಬ್ಬರ ನಿಲ್ಲಿಸಿದೆ. ಅವುಗಳ ಬದಲು ಏನು ಮಾಡಬೇಕೆಂದು ತರಬೇತಿಯಲ್ಲಿ ವಿವರಿಸಿದ್ದರಂತೆ. ನಾನು ಊಟದ ಹೊತ್ತಿಗೆ ಹೋಗಿದ್ದೆ. ಬೇಸಿಗೆಯ ಹೊತ್ತಿಗೆ ಮುಳ್ಳುಗಿಡಗಳು ಎದೆಮಟ್ಟಕ್ಕೆ ಬಂದವು. ಬಾರ್ಲಿ ಅವುಗಳ ಸಂದಿಯಲ್ಲಿ ದಾರಿ ತಪ್ಪಿದ ನೆಂಟನಂತೆ ನಿಂತಿತ್ತು.

ಪಕ್ಕದ ಹೊಲದ ಮೊಸ್ಸಿ ಬೇಲಿಗೆ ಒರಗಿ, "ಲೋ ಕೋಲ್ಮನ್, ದನ ಒಳಗೆ ಬಿಟ್ಟೀಯ ಜೋಕೆ, ಆಮೇಲೆ ಹುಡುಕೋಕೆ ಹೆಲಿಕಾಪ್ಟರ್ ತರಿಸ್ಬೇಕಾಗತ್ತೆ" ಅಂದ. ಚರ್ಚಿನ ಬಾಗಿಲಲ್ಲೂ ಅದನ್ನೇ ಹೇಳಿದನಂತೆ. ನಾನು ಭಾನುವಾರ ತಡವಾಗಿ ಹೋಗಿ ಬೇಗ ಬರತೊಡಗಿದೆ.

"ಚಳಿಗಾಲಕ್ಕೆ ದನಗಳಿಗೆ ಏನು ಹಾಕ್ತೀಯ? ಪತ್ರಿಕೆಯನ್ನಾ?" ಎಂದಳು ಹೆಂಡತಿ ನೋರೀನ್.

ಅಷ್ಟರಲ್ಲಿ ಸಹಾಯಧನ ಕೊಡುವ ಇಲಾಖೆಯ ಪರಿವೀಕ್ಷಕಿ ಟ್ರಾಯ್ ಮೇಡಂ ಬಂದರು. ತಪ್ಪಾಯಿತೆಂದು ಬೇಡಿಕೊಳ್ಳಲು ಬಾಯಿ ತೆರೆದೆ. ಅವರು ಹೊಲದಂಚಿನಲ್ಲಿ ಮಂಡಿಯೂರಿ, ಕಣ್ಣೊರೆಸಿಕೊಂಡು, "ಕೋಲ್ಮನ್ ಅವರೇ, ಇದನ್ನ ಮಾಡಿದ್ದು ಯಾರು?" ಎಂದರು.

"ನಾನೇ ಮೇಡಂ."

"ಅಪರೂಪದ ಹೂವು! ಹಕ್ಕಿಗೂಡು! ಇದು ಹೊಲ ಅಲ್ಲ, ಜೀವಿಗಳ ಆಸರೆ. ಸಹಾಯಧನ ಎರಡು ಪಟ್ಟು. ಒಂದೇ ಷರತ್ತು, ಇನ್ನು ಇಲ್ಲಿ ರೈತ ಕಾಲಿಡಬಾರದು."

"ದನಗಳ ಮೇವು ಒಳಗಿದೆಯಲ್ಲ ಮೇಡಂ?"

"ಸಾವಯವ ಮೇವು ಹಡಗಿನಲ್ಲಿ ಬರತ್ತಲ್ಲ. ಸಮುದ್ರದಾಚೆಯಿಂದ. ಪರಿಸರಕ್ಕೆ ಒಳ್ಳೇದು."

ಅಂದು ಸಂಜೆ ಗೇಟಿನಾಚೆ ನಿಂತು, ಅಪ್ಪ ಉತ್ತ ನೆಲವನ್ನು ಪರಸ್ಥಳದವನಂತೆ ನೋಡಿದೆ. ಗೇಟಿನ ಚಿಲಕಕ್ಕೆ ಕೈಹಾಕಿದೆ. ಎರಡು ಪಟ್ಟು ಎಂಬುದು ನೆನಪಾಗಿ ಕೈ ತೆಗೆದೆ.

ಶರತ್ಕಾಲದಲ್ಲಿ ನಮ್ಮಲ್ಲಿ ಮಾದರಿ ಹೊಲದ ವೀಕ್ಷಣೆ ಏರ್ಪಾಡಾಯಿತು. ಊರ ರೈತರೆಲ್ಲ ರಬ್ಬರ್ ಬೂಟು ಹಾಕಿ ಬಂದು, ಗೇಟಿನ ಹೊರಗೇ ನಿಂತು, ನೋರೀನ್ ಮಾಡಿದ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ನನ್ನ ಉಪನ್ಯಾಸ ಕೇಳಿದರು. ಏನೂ ಮಾಡದಿರುವುದಕ್ಕೆ ದೀರ್ಘ ಅನುಭವ ಬೇಕು, ಅವಸರ ಸಲ್ಲದು ಎಂದೆ. ಕೆಲವರು ಬರೆದುಕೊಂಡರು.

ಚಹಾದ ಮೇಜಿನ ಹಿಂದೆ ಮೊಸ್ಸಿ ನನ್ನ ತೋಳು ಹಿಡಿದ. "ಮಾರಾಯ, ಮುಳ್ಳುಗಿಡ ಇಷ್ಟು ಒತ್ತಾಗಿ ಬರೋಕೆ ಏನು ಮಾಡ್ದೆ? ನನ್ನ ಹೊಲದಲ್ಲಿ ಒಂದೂ ಏಳ್ತಿಲ್ಲ ಕಣೋ."

"ನಿನ್ನ ಹೊಲಕ್ಕೆ ಶಿಸ್ತು ಜಾಸ್ತಿ, ಮೊಸ್ಸಿ. ಬಿಡಿಸ್ಬೇಕು."

ಒಂದು ಚೀಲ ಮುಳ್ಳುಬೀಜ ಕೊಟ್ಟೆ. ಸ್ನೇಹ ಮುಖ್ಯವಾದ್ದರಿಂದ ದುಡ್ಡನ್ನು ಆಮೇಲೆ ತೆಗೆದುಕೊಂಡೆ.

ಈಗ ಊರೆಲ್ಲ ಸಾವಯವ. ಕಳೆ ಸಂರಕ್ಷಣಾ ಸಮಿತಿಗೆ ನಾನೇ ಅಧ್ಯಕ್ಷ. ಮೊನ್ನೆ ಮೊಸ್ಸಿ ಗಾಬರಿಯಿಂದ ಫೋನ್ ಮಾಡಿದ. ಅವನ ಹೊಲದ ನಡುವೆ ಒಂದಿಷ್ಟು ಬಾರ್ಲಿ ತೆನೆ ಎದ್ದಿತ್ತು. ಟ್ರಾಯ್ ಮೇಡಂ ವಿಶೇಷ ಅನುಮತಿ ಕೊಟ್ಟರು. ಸಮಿತಿಯವರೆಲ್ಲ ಸಾಲಾಗಿ ಒಳಗೆ ಹೋಗಿ, ಹರಡುವ ಮೊದಲೇ ಬೇರುಸಹಿತ ಕಿತ್ತುಹಾಕಿದೆವು.